ಅಮ್ಮನ ಹೆಸರಿನ ಪುಟ

ನಾನು ಭೇಟಿ ಗುಮಾಸ್ತೆಯಾಗಿ ಕೆಲಸಕ್ಕೆ ಸೇರಿದ ದಿನ ನನ್ನ ಮೇಜಿನ ಎದುರಿಗೆ ಬಂದು ನಿಂತ ಮೊದಲ ಮನುಷ್ಯನ ಅರ್ಧ ಮುಖದ ತುಂಬ ಸೋಪಿನ ನೊರೆ ಇತ್ತು. ಇನ್ನರ್ಧ ನುಣ್ಣಗೆ ಕ್ಷೌರವಾಗಿತ್ತು. ಆತ ಬೆಲ್ಲದ ವ್ಯಾಪಾರಿ. ಹತ್ತೂಕಾಲಿಗೆ ನಮ್ಮ ಕಚೇರಿಯಲ್ಲಿ ವಿಮೆಯವರ ಜೊತೆ ಭೇಟಿ ಇರುವುದನ್ನು ಮರೆತು ಕ್ಷೌರದ ಕುರ್ಚಿಯಲ್ಲಿ ಕೂತಿದ್ದನಂತೆ. ಹತ್ತು ಹೊಡೆಯುತ್ತಲೇ ಕಾಲುಗಳು ಎದ್ದು ನಡೆದಿದ್ದವು. ಕ್ಷೌರದವನು ಕತ್ತಿ ಹಿಡಿದು ಬೀದಿಯ ತಿರುವಿನವರೆಗೂ ಜೊತೆಯಲ್ಲೇ ನಡೆದು, ಆಗುವಷ್ಟು ಕೆರೆದು, ವಾಪಸಾಗಿದ್ದನಂತೆ. ವ್ಯಾಪಾರಿ ಹೆಗಲ ಮೇಲಿನ ಟವೆಲಿನಿಂದ ನೊರೆ ಒರೆಸಿಕೊಂಡು, "ವಿಮೆಯೋರು ಯಾವ ರೂಮಲ್ಲವ್ರೆ ತಾಯಿ?" ಎಂದು ಕೇಳಿದ. ನಾನು ಮೂರನೆಯ ಕೋಣೆ ತೋರಿಸಿದೆ.

ಆ ಊರಿನಲ್ಲಿ ಪುಸ್ತಕದಲ್ಲಿ ಬರೆದದ್ದು ನಡೆಯುತ್ತಿತ್ತು, ಅಷ್ಟೇ. ಹೆಸರು, ಜಾಗ, ಹೊತ್ತು, ಈ ಮೂರನ್ನು ನೀಲಿ ಶಾಯಿಯಲ್ಲಿ ಬರೆದು ಕೆಳಗೆ ಗುಮಾಸ್ತರ ಸಹಿ ಬಿತ್ತೆಂದರೆ, ಆ ಹೊತ್ತಿಗೆ ಆ ಮನುಷ್ಯನ ಕಾಲುಗಳು ಅವನನ್ನು ಅಲ್ಲಿಗೆ ತಲುಪಿಸುತ್ತಿದ್ದವು. ಮನಸ್ಸು ಬೇಕಾದರೆ ಹಿಂದಿನಿಂದ ಬರಲಿ. ಜನ ಇದಕ್ಕೆ ತಕ್ಕ ಹಾಗೆ ಬದುಕು ಹೊಂದಿಸಿಕೊಂಡಿದ್ದರು. ಪ್ರತಿ ಬಚ್ಚಲುಮನೆಯ ಬಾಗಿಲಿಗೂ ಒಂದು ಉದ್ದನೆಯ ನಿಲುವಂಗಿ ಸದಾ ನೇತುಬಿದ್ದಿರುತ್ತಿತ್ತು. ಒಲೆಯ ಮೇಲೆ ಹಾಲಿಟ್ಟವರು ಹೊಸಿಲು ದಾಟುವಾಗ ಪಕ್ಕದ ಮನೆಗೆ ಒಂದು ಕೂಗು ಹಾಕುತ್ತಿದ್ದರು, ಅವರು ಬಂದು ಇಳಿಸುತ್ತಿದ್ದರು. ಗಂಡಹೆಂಡಿರ ಜಗಳ ತಾರಕಕ್ಕೇರಿದ ಹೊತ್ತಿಗೇ ಒಬ್ಬರ ಕಾಲು ಎದ್ದುಬಿಟ್ಟರೆ, "ಮಿಕ್ಕಿದ್ದು ಬಂದ್ಮೇಲೆ" ಎಂದು ಹೇಳಿ ಹೋಗುವುದು ಅಲ್ಲಿನ ಮರ್ಯಾದೆಯಾಗಿತ್ತು.

ನನ್ನಂಥವಳಿಗೆ ಹೇಳಿಮಾಡಿಸಿದ ಊರು ಅದು. ನನಗೆ ಹುಟ್ಟಿದಾಗಿನಿಂದ ಒಂದು ಕಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಶಾಲೆಯಲ್ಲೂ ಅಂದಿದ್ದಾರೆ, ಬೀದಿಯಲ್ಲೂ ಅಂದಿದ್ದಾರೆ. ಟೈಪಿಂಗ್ ಕಲಿಯಲು ಹೋಗಿ ಹದಿನೆಂಟು ದಿನಕ್ಕೆ ಬಿಟ್ಟೆ. ಸೀರೆ ಅಂಗಡಿಗೆ ಸೇರಿ, ಗಿರಾಕಿ ಒಂದು ಸೀರೆಯ ಸೆರಗು ನೋಡಿ ಮುಗಿಸುವ ಮೊದಲೇ ಇನ್ನೊಂದು ಬಿಚ್ಚಿ ಹಾಕಿ ಬೈಸಿಕೊಂಡು ಹೊರಬಿದ್ದೆ. ಇಲ್ಲಿನ ಸಂದರ್ಶನದಲ್ಲಿ ಸೂಪರಿಂಟೆಂಡೆಂಟರು ಕೇಳಿದ್ದು ಒಂದೇ ಪ್ರಶ್ನೆ: "ಒಬ್ಬ ಮನುಷ್ಯನಿಗೆ ಸ್ನಾನಕ್ಕೆ ಎಷ್ಟು ಹೊತ್ತು ಬೇಕಮ್ಮ?" ನಾನು, "ಬಚ್ಚಲಿನ ಹೊರಗೆ ಇನ್ನೆಷ್ಟು ಜನ ನಿಂತಿದ್ದಾರೆ ಅನ್ನೋದರ ಮೇಲೆ ಸಾರ್" ಅಂದೆ. ಅವರು ನಗಲಿಲ್ಲ, ಆದರೆ ಮಾರನೆಯ ದಿನದಿಂದಲೇ ಬಾ ಎಂದರು. ಆರು ತಿಂಗಳು ಪರೀಕ್ಷೆಯ ಮೇಲೆ, ಆಮೇಲೆ ಸರಿಕಂಡರೆ ಕಾಯಂ.

ಕೆಲಸ ಕಲಿಸಿದವರು ರುದ್ರಯ್ಯನವರು. ಮೂವತ್ತೊಂದು ವರ್ಷ ಪುಸ್ತಕದ ಮೇಲೆ ಬಗ್ಗಿ ಬಗ್ಗಿ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಅವರು ಮೊದಲ ವಾರವಿಡೀ ನನ್ನ ಕೈಗೆ ಲೇಖನಿ ಕೊಡಲಿಲ್ಲ, ಊರು ಸುತ್ತಿಸಿದರು. ಆಸ್ಪತ್ರೆಯಿಂದ ಬೆಲ್ಲದ ಮಂಡಿಗೆ ಎಷ್ಟು ಹೆಜ್ಜೆ, ಏರಿನಲ್ಲಿ ಅರವತ್ತು ದಾಟಿದವರು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಬೀದಿಯಲ್ಲಿ ಜನ ಮಾತಾಡಿಸಿ ಮಾತಾಡಿಸಿ ಹೊತ್ತು ತಿನ್ನುತ್ತಾರೆ, ಎಲ್ಲ ನಡೆದು ನೋಡಬೇಕಿತ್ತು. ಊಟವಾಗಿ ಅರ್ಧ ಗಂಟೆ ಯಾರನ್ನೂ ಬರೆಯಬಾರದು. ಪರರ ಹೆಸರು ಬರೆಯಲು ಅವರ ಒಪ್ಪಿಗೆಯ ಚೀಟಿ ಬೇಕು. ನಮ್ಮ ನಮ್ಮ ಮನೆಯವರ ಹೆಸರಿಗೆ ಮಾತ್ರ ಚೀಟಿ ಬೇಡ, ಅದು ನೌಕರರಿಗೆ ಕೊಟ್ಟ ಸೌಲಭ್ಯ. ಕೊನೆಯದಾಗಿ ಅವರು ಗೋಡೆಯುದ್ದಕ್ಕೂ ಇದ್ದ ಬೀರುಗಳನ್ನು ತೋರಿಸಿದರು. ಊರಿನ ಪ್ರತಿಯೊಬ್ಬರ ಹೆಸರಿನಲ್ಲೂ ಅಲ್ಲಿ ಒಂದೊಂದು ಪುಟ ಇತ್ತು.

"ನೋಡಮ್ಮ, ಎಷ್ಟೇ ನೆನಪಿರಲಿ, ಪುಟ ತೆಗೆದು ನೋಡದೆ ಬರೀಬೇಡ. ಒಂದೇ ಹೊತ್ತಿಗೆ ಎರಡು ಕಡೆ ಬರೆದ್ಯೋ, ಆ ಮನುಷ್ಯ ಅಲ್ಲಿಗೂ ಹೋಗಲ್ಲ, ಇಲ್ಲಿಗೂ ಬರಲ್ಲ. ಎರಡಕ್ಕೂ ಸಮವಾಗಿ ನಡುದಾರೀಲಿ ನಿಂತುಬಿಡ್ತಾನೆ. ಹೊತ್ತು ಮುಗಿಯೋವರೆಗೂ ಕಾಲು ಕೀಳೋಕಾಗಲ್ಲ. ಅಂಥದ್ದು ಎರಡು ಸಲ ಆದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

"ಒಂದು ಸಲವೂ ಆಗಲ್ಲ ಸಾರ್" ಎಂದೆ. ಆ ವಯಸ್ಸಿನಲ್ಲಿ ನನಗೆ ಅಷ್ಟು ಧೈರ್ಯವಿತ್ತು.

ಕೆಲಸ ಸಿಕ್ಕಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಅಮ್ಮನನ್ನು ಕರೆಸಿಕೊಂಡಿದ್ದು. ನನ್ನ ಅಮ್ಮನ ಹೆಸರು ಚಂದ್ರಮತಿ. ಅಪ್ಪ ಹೋದಾಗ ನನಗೆ ನಾಲ್ಕು ವರ್ಷ. ಅಲ್ಲಿಂದ ಇಪ್ಪತ್ತೆರಡು ವರ್ಷ ಅಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನ ಅಡಿಗೆಮನೆಯಲ್ಲಿ ದುಡಿದಳು. ನಾನು ಬೆಳೆದದ್ದು ಆ ಹಾಸ್ಟೆಲಿನ ಊಟದ ಸಾಲಿನ ಕೊನೆಯಲ್ಲಿ ಕೂತು. ಅಮ್ಮ ಬಡಿಸುತ್ತಾ ಬರುವಳು, ನನ್ನ ತಟ್ಟೆಗೂ ಎಲ್ಲರಿಗೆ ಹಾಕಿದಷ್ಟೇ ಹಾಕಿ ಮುಂದೆ ಹೋಗುವಳು. ಅವಳು ನನ್ನ ಎದುರಿಗೆ ಕೂತು ಒಂದು ತುತ್ತು ಬಾಯಿಗಿಟ್ಟದ್ದನ್ನು ನಾನು ನೋಡಿದವಳಲ್ಲ. ಇನ್ನಾದರೂ ನಾವಿಬ್ಬರೂ ಒಂದು ಮನೆಯವರಂತೆ ಇರಬೇಕೆಂಬುದು ನನ್ನ ಆಸೆಯಾಗಿತ್ತು.

ಅಮ್ಮ ಬಂದಳು, ಆದರೆ ಕರಾರು ಹಾಕಿಕೊಂಡೇ ಬಂದಳು. "ಮೂರು ತಿಂಗಳು ಇದ್ದು ನೋಡ್ತೀನಿ ವಿಶಾಲೂ. ಹಿಡಿಸ್ತು ಅಂದ್ರೆ ಇರ್ತೀನಿ. ಇಲ್ಲಾಂದ್ರೆ ನಿಮ್ಮ ಚಿಕ್ಕಮ್ಮನ ಊರಿಗೆ ಹೊರಟೆ. ಆಗ ಅತ್ತು ಕರೆದು ಮಾಡ್ಬಾರದು" ಎಂದಳು. ತಂದ ಚೀಲವನ್ನು ಪೂರ್ತಿ ಬಿಚ್ಚದೆ ಮಂಚದ ಕೆಳಗೆ ತಳ್ಳಿದಳು. ಮೊದಲ ವಾರ ಅವಳು ಮೆಟ್ಟಿಲ ಮೇಲೆ ಕೂತು ಬೀದಿ ನೋಡಿದಳು. ನಾನು ಕಚೇರಿಗೆ ಹೋಗುವಾಗಲೂ ಅಲ್ಲೇ, ಬರುವಾಗಲೂ ಅಲ್ಲೇ. ಗುರುತು ಪರಿಚಯ ಇಲ್ಲದ ಊರು, ಮಾಡಲು ಕೆಲಸವಿಲ್ಲ, ಬೇಸರ ಹತ್ತಿ ಹೊರಟೇಬಿಡುತ್ತಾಳೆ ಅನ್ನಿಸಿತು. ಕೂತು ನೋಡುವುದೂ ಒಂದು ಸುಖ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ನನಗೆ ಹೊಳೆಯುವ ಜಾತಿಯ ವಿಚಾರವೇ ಅಲ್ಲ ಅದು.

ಮೊದಲು ಬರೆದದ್ದು ಊಟ. ಅಮ್ಮ ಹೊತ್ತಲ್ಲದ ಹೊತ್ತಿನಲ್ಲಿ, ನಿಂತುಕೊಂಡೇ, ಪಾತ್ರೆಯಿಂದಲೇ ಉಣ್ಣುತ್ತಿದ್ದಳು. ನಾನು ಅವಳ ಪುಟ ತೆಗೆದು, ದಿನಾ ಮಧ್ಯಾಹ್ನ ಒಂದು ಗಂಟೆ, ಮನೆ, ವಿಶಾಲಾಕ್ಷಿ ಮತ್ತು ಚಂದ್ರಮತಿ, ಊಟ, ಎಂದು ತಿಂಗಳುಗಟ್ಟಲೆಗೆ ಬರೆದು ಸಹಿ ಹಾಕಿದೆ. ಮಾರನೆಯ ದಿನ ಹನ್ನೆರಡೂ ಮುಕ್ಕಾಲಿಗೆ ನನ್ನ ಕಾಲುಗಳು ಎದ್ದವು, ಒಂದಕ್ಕೆ ಇಬ್ಬರೂ ತಟ್ಟೆಯ ಮುಂದಿದ್ದೆವು. ಇಪ್ಪತ್ತೆರಡು ವರ್ಷದ ಆಸೆ ಒಂದು ಸಾಲಿನಲ್ಲಿ ತೀರಿತು. ನನಗೆ ಖುಷಿಯೋ ಖುಷಿ, ಅಮ್ಮ ಮಾತ್ರ, "ಇದೇನೇ, ಹಿತ್ತಲಲ್ಲಿದ್ದೆ, ಕಾಲು ಎಳ್ಕೊಂಡು ಬಂತು" ಎಂದು ಕೈ ತೊಳೆಯಲು ಹೋದಳು.

ಆಮೇಲೆ ನನ್ನ ಕೈ ನಿಲ್ಲಲಿಲ್ಲ. ಕಣ್ಣಿನ ಡಾಕ್ಟರು, ಹಲ್ಲಿನ ಡಾಕ್ಟರು, ಮಂಡಿನೋವಿಗೆ ವಾರಕ್ಕೆರಡು ಸಲ ಇನ್ನೊಬ್ಬ ಡಾಕ್ಟರು. ಬೆಳಿಗ್ಗೆ ಆರಕ್ಕೆ ಎದುರು ಮನೆಯವರ ಜೊತೆ ವಾಕಿಂಗು. ಸೋಮವಾರ ಗುರುವಾರ ಸಂಗೀತದ ಟೀಚರಮ್ಮ, ಬುಧವಾರ ಶನಿವಾರ ಹಪ್ಪಳದ ಸಂಘ, ಶುಕ್ರವಾರ ಭಜನೆ. ಭಜನೆಗೂ ವಾಕಿಂಗಿಗೂ ನಡುವೆ ಸಿಕ್ಕ ಸಂದಿನಲ್ಲಿ ಹೊಲಿಗೆ. ಹೀಗೆ ಹದಿನಾರು ಜನರ ಜೊತೆ ಅಮ್ಮನ ಹೊತ್ತನ್ನು ಹಂಚಿದೆ. ಅವಳ ಪುಟದಲ್ಲಿ ಬಿಳಿ ಜಾಗ ಕಂಡರೆ ನನಗೆ ಕೈ ತುರಿಸುತ್ತಿತ್ತು. ದಾರಿಯಲ್ಲಿ ಅವಳು ಎದುರು ಸಿಕ್ಕಿದರೆ ಕಾಲುಗಳು ಸರಸರ ಹೋಗುತ್ತಿರುತ್ತಿದ್ದವು, ಮೇಲಿನ ಮೈ ಸ್ವಲ್ಪ ಹಿಂದಕ್ಕೆ ವಾಲಿರುತ್ತಿತ್ತು. ಕೈ ಬೀಸುತ್ತಿದ್ದೆ. ಅವಳೂ ಬೀಸುತ್ತಿದ್ದಳು. ರುದ್ರಯ್ಯನವರು ಒಂದು ದಿನ ಆ ಪುಟ ನೋಡಿ, "ಜಿಲ್ಲಾಧಿಕಾರಿಗೂ ಇಷ್ಟು ಭೇಟಿ ಇರಲ್ವಲ್ಲಮ್ಮ" ಎಂದರು. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದೆ.

ಹನ್ನೊಂದನೆಯ ವಾರ, ಒಂದು ಬುಧವಾರ, ಮಂಡಿನೋವಿನ ಡಾಕ್ಟರು ಊರಿಗೆ ಹೋಗುತ್ತೇನೆಂದು ಗುರುವಾರದ ಸರದಿಯನ್ನು ಹಿಂದಿನ ದಿನಕ್ಕೆ ಕೇಳಿದರು. ನಾನು ಆ ಕೂಡಲೇ ನಾಲ್ಕು ಗಂಟೆಗೆ ಬರೆದೆ. ಪುಟ ತೆಗೆಯಲಿಲ್ಲ. ನನ್ನ ಅಮ್ಮನ ದಿನ ನನಗಿಂತ ಚೆನ್ನಾಗಿ ಯಾವ ಪುಟಕ್ಕೆ ಗೊತ್ತು? ನಾಲ್ಕೂ ಹತ್ತಕ್ಕೆ ಜವಾನ ಬಂದು, "ಮೇಡಂ, ನಿಮ್ಮ ತಾಯಿ ಕಾಲುವೆ ಸೇತುವೆ ಮೇಲೆ ನಿಂತವ್ರೆ. ಅಲ್ಲಾಡ್ತಾ ಇಲ್ಲ" ಎಂದಾಗ ಅಮ್ಮನ ಪುಟ ತೆಗೆದು ನೋಡಿದೆ. ಬುಧವಾರ ನಾಲ್ಕಕ್ಕೆ ಹಪ್ಪಳದ ಸಂಘ. ಡಾಕ್ಟರು ಮೇಲಿನ ಕೇರಿ, ಸಂಘ ಕೆಳಗಿನ ಕೇರಿ, ನಡುವೆ ಸೇತುವೆ.

ಓಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಬಿಸಿಲು, ಮಂಡಿನೋವು, ಬೀದಿಯಲ್ಲಿ ಹೋಗಿ ಬರುವವರ ನೋಟ, ಅಮ್ಮ ಅವಮಾನದಿಂದ ಕುಗ್ಗಿಹೋಗಿರುತ್ತಾಳೆ ಎಂದುಕೊಂಡಿದ್ದೆ. ಸೇತುವೆಯ ಕಟ್ಟೆಗೆ ಒರಗಿ ಅಮ್ಮ ನಿಂತಿದ್ದಳು. ಪಕ್ಕದಲ್ಲಿ ಕೊಡೆ ರಿಪೇರಿ ಮಾಡುವ ಹೆಂಗಸೊಬ್ಬಳು ಕೂತಿದ್ದಳು. ಅವಳು ಹೊಲಿಯಲೆಂದು ಅಮ್ಮ ಒಂದು ಕೊಡೆಯ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಹಾಸ್ಟೆಲಿನಲ್ಲಿ ಯಾರೋ ಹುಡುಗಿ ಸಾಂಬಾರಿನ ಕೊಳಗದೊಳಗೆ ಚಪ್ಪಲಿ ಬೀಳಿಸಿದ ಕಥೆ ಹೇಳುತ್ತಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಆ ಕಥೆ ನನಗೆ ಗೊತ್ತೇ ಇರಲಿಲ್ಲ.

"ಅಮ್ಮ, ತಪ್ಪಾಯ್ತು. ನಾನೇ ಎರಡು ಕಡೆ ಬರೆದುಬಿಟ್ಟೆ."

"ಪರವಾಗಿಲ್ಲ ಬಿಡು. ಇನ್ನೆಷ್ಟೊತ್ತಿದೆ?"

"ಐದಕ್ಕೆ ಮುಗಿಯುತ್ತೆ. ನಾನೂ ಇಲ್ಲೇ ಇರ್ತೀನಿ."

"ನೀನ್ಯಾಕೆ. ನಿನ್ನ ಕೆಲಸ ನೋಡ್ಕೋ ಹೋಗು" ಎಂದು ಅಮ್ಮ ಮತ್ತೆ ಕೊಡೆಯ ಕಡೆ ತಿರುಗಿದಳು.

ಅವತ್ತು ಸಂಜೆ ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಸೂಪರಿಂಟೆಂಡೆಂಟರು ಬೈಯಲಿಲ್ಲ, ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ, ಓದಿದೆ ಎಂದು ಬರೆಸಿಕೊಂಡರು. ಇನ್ನೊಂದು ಸಲ ಹೀಗಾದರೆ ಕಾಯಂ ಆಗುವ ಮಾತಿಲ್ಲ. ಮುಂದಿನ ದಿನಗಳಲ್ಲಿ ನಾನು ಮೈಯೆಲ್ಲ ಕಣ್ಣಾಗಿ ಬರೆದೆ. ಒಂದೊಂದು ಹೆಸರಿಗೂ ಎರಡೆರಡು ಸಲ ಪುಟ ತೆಗೆದೆ. ಅಮ್ಮನ ಪುಟವನ್ನು ಮೂರು ಸಲ.

ಒಂಬತ್ತು ದಿನ ಕಳೆದು ಶುಕ್ರವಾರ ಬಂತು. ಅವತ್ತು ಕಿಟಕಿಯ ಮುಂದೆ ಸಾಲು ಉದ್ದವಿತ್ತು. ತಲೆಯೆತ್ತದೆ ಚೀಟಿ ತೆಗೆದುಕೊಳ್ಳುತ್ತಿದ್ದೆ. ಒಂದು ಚೀಟಿಯ ಮೇಲೆ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ಚಂದ್ರಮತಿ, ನಾಳೆ ನಾಲ್ಕು ಗಂಟೆ, ಎರಡು ಕಡೆ. ತಲೆಯೆತ್ತಿದೆ. ಹೊಲಿಗೆಯಿಂದ ಭಜನೆಗೆ ಹೋಗುವ ನಡುವಿನ ಮುಕ್ಕಾಲು ಗಂಟೆಯಲ್ಲಿ ಅಮ್ಮ ಬಂದು ಸಾಲಿನಲ್ಲಿ ನಿಂತಿದ್ದಳು.

"ಇದೇನಮ್ಮ. ಮನೇಲಿ ಹೇಳಿದ್ರೆ ಆಗ್ತಿರಲಿಲ್ವಾ?" ಎಂದು ದನಿ ತಗ್ಗಿಸಿ ಕೇಳಿದೆ.

"ಮನೇಲಿ ನೀನೆಲ್ಲಿ ಸಿಗ್ತೀಯ. ಒಂದು ಗಂಟೆಗೆ ಬರ್ತೀಯ, ಒಂದು ತುತ್ತು ಬಾಯಿಗೆ ಹಾಕ್ಕೊಂಡು ನಾಳೆದು ಹೇಳ್ತೀಯ. ಇಲ್ಲಿ ಸರದಿ ಬಂದ್ರೆ ಕೇಳಿಸ್ಕೋತೀಯಲ್ಲ, ಅದಕ್ಕೆ ಬಂದೆ."

ಅಮ್ಮನ ಹಿಂದೆ ನಿಂತಿದ್ದ ದಪ್ಪನೆಯ ಮನುಷ್ಯ, "ನಿಧಾನಕ್ಕೆ ಕೇಳಿಸ್ಕೊಳಿ ಮೇಡಂ, ನಮಗೇನು ಅವಸರ ಇಲ್ಲ" ಎಂದು ಕುತ್ತಿಗೆ ಮುಂದೆ ಚಾಚಿದ.

"ಎರಡು ಕಡೆ ಬರೆಯೋದು ತಪ್ಪಮ್ಮ. ಇನ್ನೊಂದು ಸಲ ಆದ್ರೆ ನನ್ನ ಕೆಲಸ ಹೋಗುತ್ತೆ."

"ಹೌದಾ" ಎಂದಳು ಅಮ್ಮ. ಅದು ಅವಳಿಗೆ ತಿಳಿದಿರಲಿಲ್ಲ. ಚೀಟಿಯನ್ನು ಕಿಟಕಿಯಿಂದ ವಾಪಸು ಎಳೆದುಕೊಂಡು ನಾಲ್ಕು ಮಡಿಕೆ ಮಾಡಿದಳು. "ಹಾಗಾದ್ರೆ ಬೇಡ. ನಿನ್ನ ಕೆಲಸ ಕಳೆದು ನನಗೇನಾಗ್ಬೇಕು. ಮೂರು ತಿಂಗಳಾಗೋಕೆ ಇನ್ನು ಹನ್ನೊಂದು ದಿನ ಅಲ್ವಾ?"

"ಯಾಕೆ?"

"ನಿಮ್ಮ ಚಿಕ್ಕಮ್ಮಂಗೆ ಕಾಗದ ಹಾಕ್ಬೇಕು."

ನನಗೆ ಕಿಟಕಿ, ಸಾಲು, ಆ ದಪ್ಪನೆಯ ಮನುಷ್ಯ ಯಾವುದೂ ಕಾಣಲಿಲ್ಲ. "ನನ್ನ ಮೇಲೆ ಸಿಟ್ಟಾ ಅಮ್ಮ? ನಿನಗೆ ಬೇಜಾರಾಗಬಾರದು ಅಂತ ತಾನೇ ನಾನು ಇಷ್ಟೆಲ್ಲ ಮಾಡಿದ್ದು" ಎಂದೆ. ದನಿ ತಗ್ಗಿಸಬೇಕೆಂಬುದೂ ನೆನಪಾಗಲಿಲ್ಲ.

"ಸಿಟ್ಟೇನಿಲ್ಲ ಕಣೇ. ಹಾಸ್ಟೆಲ್ಲಲ್ಲಿ ಗಂಟೆ ಹೊಡೆದ್ರೆ ಎದ್ದೆ, ಗಂಟೆ ಹೊಡೆದ್ರೆ ಒಲೆ ಹಚ್ಚಿದೆ, ಗಂಟೆ ಹೊಡೆದ್ರೆ ಬಡಿಸಿದೆ. ಅದು ಹೊಟ್ಟೆಪಾಡು, ಮಾಡ್ಲೇಬೇಕಿತ್ತು. ಇಲ್ಲಿ ಯಾತಕ್ಕೆ? ಅವತ್ತು ಸೇತುವೆ ಮೇಲೆ ನಿಂತಿದ್ನಲ್ಲ, ಆ ಒಂದು ಗಂಟೆ ನನ್ನನ್ನ ಯಾರೂ ಎಲ್ಲಿಗೂ ಕರೀಲಿಲ್ಲ. ಅದು ಇನ್ನೊಂದ್ಸಲ ಸಿಗುತ್ತೇನೋ ಅಂತ ಕೇಳಿದೆ. ಅಷ್ಟೇ." ಇಷ್ಟು ಹೇಳುವಷ್ಟರಲ್ಲಿ ಭಜನೆಯ ಹೊತ್ತಾಯಿತು. ಅಮ್ಮನ ಕಾಲುಗಳು ತಿರುಗಿದವು. ಅವಳು ಹಿಂದೆ ತಿರುಗಿ ಏನೋ ಹೇಳಹೊರಟಳು, ಅಷ್ಟರಲ್ಲಿ ಬಾಗಿಲು ದಾಟಿ ಆಗಿತ್ತು.

ದಪ್ಪನೆಯ ಮನುಷ್ಯ ತನ್ನ ಚೀಟಿ ಕೊಡಲು ಮರೆತು ಬಾಗಿಲನ್ನೇ ನೋಡುತ್ತಿದ್ದ. ನಾನು ಕಿಟಕಿ ಮುಚ್ಚಿ ರುದ್ರಯ್ಯನವರ ಬಳಿ ಹೋದೆ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು. ಬೇರೆಯವರಿಂದ ಒಪ್ಪಿಗೆಯ ಚೀಟಿ ಇಲ್ಲದೆ ಒಂದು ಅಕ್ಷರ ಬರೆಯದ ನಾನು ಇವಳೊಬ್ಬಳನ್ನು ಮಾತ್ರ ಬೇಕೇ ಎಂದು ಕೇಳಿರಲಿಲ್ಲ. ಬರೆದದ್ದನ್ನೆಲ್ಲ ಹೊಡೆದುಹಾಕಲು ಬರುತ್ತದೆಯೇ ಎಂದು ಕೇಳಿದೆ.

"ಹೊಡೆದುಹಾಕೋಕೆ ಬರಲ್ಲ. ಬಿಡುಗಡೆ ಮಾಡಿಸ್ಬಹುದು" ಎಂದರು ಅವರು. "ಒಂದೊಂದು ಭೇಟಿಗೂ ಎದುರಿನವರು 'ಇವರು ಬರದಿದ್ದರೂ ನಡೆಯುತ್ತದೆ' ಅಂತ ತಮ್ಮ ಕೈಯಾರೆ ಬರೆದು ಸಹಿ ಹಾಕ್ಬೇಕು. ನೀನೇ ಹೋಗಿ ಬರೆಸ್ಕೊಂಡು ಬರ್ಬೇಕು, ಅವರನ್ನ ಇಲ್ಲಿಗೆ ಕರೆಸೋ ಹಾಗಿಲ್ಲ."

"ಬರೆದುಕೊಡ್ತಾರಾ ಸಾರ್?"

"ಯಾರಿಗೂ ಆ ಮಾತು ಬರೆಯೋಕೆ ಇಷ್ಟ ಇರಲ್ಲಮ್ಮ. ನನ್ನ ಕಾಲದಲ್ಲಿ ಹೀಗಾಗಿದ್ದು ಎರಡೇ ಸಲ."

ಮಾರನೆಯ ದಿನದಿಂದ ಕಚೇರಿ ಬಿಡುತ್ತಲೇ ನಾನು ಮನೆಮನೆಗೆ ತಿರುಗಿದೆ. ಊರಿಡೀ ಭೇಟಿ ಬರೆದು ನಡೆದಾಡುತ್ತಿದ್ದಾಗ ನಾನೊಬ್ಬಳು ಬರೆಯದೆ ಹೋಗಿ ಬಾಗಿಲು ಬಡಿಯುತ್ತಿದ್ದೆ. ತೆಗೆದವರು ನನ್ನ ಮುಖವನ್ನೂ ಗೋಡೆಯ ಗಡಿಯಾರವನ್ನೂ ನೋಡುತ್ತಿದ್ದರು. ಹಲ್ಲಿನ ಡಾಕ್ಟರು ತಕ್ಷಣ ಬರೆದುಕೊಟ್ಟರು. ಅಮ್ಮನ ಹಲ್ಲು ತಮ್ಮ ಹಲ್ಲಿಗಿಂತ ಗಟ್ಟಿ ಎಂದರು. ಹಪ್ಪಳದ ಸಂಘದವರು ಒಪ್ಪಲಿಲ್ಲ. ಅಧ್ಯಕ್ಷೆ ಮುಖ ಗಂಟು ಹಾಕಿಕೊಂಡು, "ಅವರು ಹಿಟ್ಟು ನಾದಿದ್ರೆ ನಾಲ್ಕು ಜನ ನಾದಿದಂಗೆ. ಬರದಿದ್ರೆ ಹೆಂಗ್ರೀ ನಡೆಯುತ್ತೆ?" ಎಂದು ಕೇಳಿದಳು. ಮೂರು ಸಲ ಹೋದೆ. ಮೂರನೆಯ ಸಲ ಒಂದು ಮಣೆಯಷ್ಟು ಹಿಟ್ಟು ನಾನೇ ನಾದಿಕೊಟ್ಟೆ. ಅಧ್ಯಕ್ಷೆ ಆ ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿ, ನಿಟ್ಟುಸಿರು ಬಿಟ್ಟು, ಸಹಿ ಹಾಕಿದಳು.

ಸಂಗೀತದ ಟೀಚರಮ್ಮನಿಗೆ ಎಂಬತ್ತರ ಹತ್ತಿರ. ತಂಬೂರಿ ಒರೆಸುತ್ತಾ, "ನಿಮ್ಮಮ್ಮ ಹಾಡಿದ್ದು ನಾನು ಕೇಳೇ ಇಲ್ಲ. ಬಂದು ಚಾಪೆ ಮೇಲೆ ಕೂತ ಐದು ನಿಮಿಷಕ್ಕೆ ಗೋಡೆಗೊರಗಿ ನಿದ್ದೆ ಹೋಗ್ತಾರೆ. ಎಬ್ಬಿಸೋಕೆ ಮನಸ್ಸು ಬರಲ್ಲ, ನಾನು ಮೆತ್ತಗೆ ಒಬ್ಬಳೇ ಹಾಡ್ಕೋತೀನಿ" ಎಂದರು. ನನ್ನ ತಲೆ ತಗ್ಗಿತು. ದಿನಾ ಆರಕ್ಕೆ ಎಬ್ಬಿಸಿ ನಡೆಸಿ, ಆಮೇಲೆ ಸಂಗೀತಕ್ಕೆ ಕಳಿಸಿದವಳು ನಾನು. ಟೀಚರಮ್ಮ ಬರೆದುಕೊಟ್ಟು, "ನಿದ್ದೆ ಬೇಕಾದ್ರೆ ಬಾ ಅಂತ ಹೇಳು, ಬರೆಯೋದೇನು ಬೇಡ" ಎಂದರು.

ಒಂಬತ್ತು ದಿನಕ್ಕೆ ಹದಿನಾರು ಕಾಗದ ಕೂಡಿತು. ಮನೆಯಲ್ಲಿ ಇದಾವುದನ್ನೂ ಹೇಳಲಿಲ್ಲ. ಅಮ್ಮ ಚಿಕ್ಕಮ್ಮನಿಗೆ ಕಾಗದ ಬರೆದು ಅಂಚೆಗೆ ಹಾಕಿದ್ದಳೋ ಇಲ್ಲವೋ, ಅದನ್ನೂ ಕೇಳಲಿಲ್ಲ. ಹತ್ತನೆಯ ದಿನ ಕಾಗದಗಳನ್ನು ರುದ್ರಯ್ಯನವರ ಮುಂದೆ ಹರಡಿದೆ. ಅವರು ಪುಟದ ಜೊತೆ ಒಂದೊಂದನ್ನೇ ತಾಳೆ ನೋಡಿ, ಕೆಂಪು ಗುರುತು ಹಾಕುತ್ತಾ ಬಂದರು. ಕೊನೆಯಲ್ಲಿ ಅವರ ಬೆರಳು ಪುಟದ ಮೊದಲ ಸಾಲಿನ ಮೇಲೆ ನಿಂತಿತು. ದಿನಾ ಮಧ್ಯಾಹ್ನ ಒಂದು ಗಂಟೆ, ಮನೆ, ಊಟ. ಎದುರಿನವರ ಹೆಸರು ವಿಶಾಲಾಕ್ಷಿ.

"ಇದೊಂದು ಇರ್ಲಿ ಸಾರ್" ಎಂದೆ. "ದಿನಕ್ಕೆ ಒಂದೇ ಗಂಟೆ. ಉಳಿದದ್ದೆಲ್ಲ ಅವಳದೇ."

"ಇಟ್ಕೋಬಹುದು. ನಿನ್ನಿಷ್ಟ. ಆದ್ರೆ ಅವರು ಹನ್ನೊಂದಕ್ಕೆ ಎಲ್ಲಿಗಾದ್ರೂ ಹೋಗಿದ್ರೆ ಹನ್ನೆರಡಕ್ಕೇ ಕಾಲು ತಿರುಗುತ್ತೆ. ದೂರ ಎಲ್ಲೂ ಹೋಗೋಕಾಗಲ್ಲ" ಎಂದರು ಅವರು. ಒಂದು ಬಿಳಿ ಹಾಳೆ ನನ್ನ ಮುಂದಿಟ್ಟು ಕನ್ನಡಕ ಒರೆಸುತ್ತಾ ಕೂತರು.

ನಾನು ಲೇಖನಿ ಕೈಗೆ ತೆಗೆದುಕೊಂಡೆ. ಹಾಸ್ಟೆಲಿನ ಊಟದ ಸಾಲು ನೆನಪಾಯಿತು. ನಾನು ಕೇಳುತ್ತಿರುವುದು ಏನು ಮಹಾ ಎಂದು ರೋಷ ಬಂತು. ಹದಿನಾರು ಜನರಿಂದ ಬೇಡಿಕೊಂಡು, ಹಿಟ್ಟು ನಾದಿ, ಬರೆಸಿ ತಂದವಳು ನಾನು. ಇಷ್ಟಾದರೂ ನನಗೆ ಬೇಡವೇ? ಮೂರು ಸಲ ಎದ್ದೆ, ಮೂರು ಸಲ ಕೂತೆ. ಕೊನೆಗೆ, ಚಂದ್ರಮತಿಯವರು ಬರದಿದ್ದರೂ ನಡೆಯುತ್ತದೆ, ಎಂದು ಬರೆದು ಸಹಿ ಹಾಕಿದೆ. ಆ ಕಚೇರಿಯಲ್ಲಿ ನಾನು ಬರೆದ ಒಂದೇ ಒಂದು ಸುಳ್ಳು ಅದು. ರುದ್ರಯ್ಯನವರು ಕೆಂಪು ಗುರುತು ಹಾಕಿ ಪುಟ ಮುಚ್ಚಿದರು.

ಮಾರನೆಯ ಬೆಳಿಗ್ಗೆ ಅಮ್ಮ ಆರಕ್ಕೆ ಏಳಲಿಲ್ಲ. ಎಂಟಕ್ಕೆ ಎದ್ದು ಬಂದು ತನ್ನ ಕಾಲನ್ನೇ ನೋಡಿಕೊಳ್ಳುತ್ತಾ ನಿಂತಳು. "ನಿನ್ನ ಪುಟ ಖಾಲಿ ಮಾಡಿಸಿದೀನಿ ಅಮ್ಮ. ಊಟದ್ದೂ ಇಲ್ಲ" ಎಂದೆ. ಅವಳು ಏನಾದರೂ ಅನ್ನುತ್ತಾಳೆಂದು ಚಪ್ಪಲಿ ಹಾಕಿಕೊಳ್ಳುವುದನ್ನು ತಡಮಾಡಿದೆ. "ಹೂಂ" ಎಂದಳು. ಲೋಟ ತೆಗೆದುಕೊಂಡು ಹಿತ್ತಲಿಗೆ ಹೋದಳು.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಾಯಿತು. ನನ್ನ ಕಾಲುಗಳು ಮೇಜಿನ ಕೆಳಗೆ ಸುಮ್ಮನೆ ಇದ್ದವು. ಅಷ್ಟು ದಿನವೂ ಅವು ತಾವಾಗಿ ಎದ್ದು ನನ್ನನ್ನು ಊಟಕ್ಕೆ ಒಯ್ಯುತ್ತಿದ್ದವು, ಅವತ್ತು ನಾನೇ ಎದ್ದು ಹೋಗಬೇಕಾಯಿತು. ಮನೆಯ ಬಾಗಿಲು ಮುಂದೆ ಮಾಡಿತ್ತು. ಒಲೆಯ ಮೇಲೆ ಸಾರು, ಅನ್ನ, ಹುರುಳಿಕಾಯಿ ಪಲ್ಯ, ಎಲ್ಲ ಮಾಡಿ ಮುಚ್ಚಿತ್ತು. ಅಮ್ಮ ಇರಲಿಲ್ಲ.

ಎರಡು ತಟ್ಟೆ ಇಟ್ಟು ಕೂತೆ. ಒಂದೂ ಹತ್ತಾಯಿತು. ಎದ್ದು ಬಾಗಿಲಿಗೆ ಹೋಗಿ ಬೀದಿಯ ಎರಡೂ ತುದಿ ನೋಡಿ ಬಂದೆ. ಒಂದೂವರೆಯಾಯಿತು. ಸಾರು ಬಿಸಿ ಮಾಡಿದೆ. ಮಂಚದ ಕೆಳಗೆ ಬಗ್ಗಿ ಚೀಲ ಇದೆಯೇ ನೋಡಲೇ ಎನ್ನಿಸಿತು. ಸೊಂಟ ಅರ್ಧ ಬಗ್ಗಿಸಿ ಹಾಗೇ ನಿಂತೆ, ಚೀಲ ಇಲ್ಲದಿದ್ದರೆ ಏನು ಮಾಡುವುದೆಂದು ಹೊಳೆಯದೆ ವಾಪಸು ಬಂದೆ. ಹೊರಗೆ ಯಾರ ಚಪ್ಪಲಿಯ ಸದ್ದಾದರೂ ನನ್ನ ಕಿವಿ ನಿಮಿರುತ್ತಿತ್ತು. ಎಲ್ಲರೂ ಅವರವರ ಭೇಟಿಗೆ ಸರಸರ ಹೋಗುವವರೇ. ಎರಡು ಗಂಟೆಗೆ ನಾನು ಕಚೇರಿಯಲ್ಲಿರಬೇಕಿತ್ತು. ಎರಡು ಹೊಡೆಯಿತು. ಏಳಲಿಲ್ಲ. ಇಷ್ಟು ವರ್ಷದಲ್ಲಿ ನಾನು ಯಾರಿಗಾಗಿಯೂ ಹೀಗೆ ಕೂತವಳಲ್ಲ. ಹೊಟ್ಟೆ ಹಸಿದು ಚುರುಗುಟ್ಟುತ್ತಿತ್ತು, ಬೆರಳುಗಳು ತಟ್ಟೆಯ ಅಂಚನ್ನು ಸುತ್ತುತ್ತಲೇ ಇದ್ದವು, ಹೆದರಿಕೆಯಾಗುತ್ತಿತ್ತು.

ಎರಡೂ ಇಪ್ಪತ್ತಕ್ಕೆ ಅಮ್ಮ ಬಂದಳು. ಚಪ್ಪಲಿ ಕೈಯಲ್ಲಿತ್ತು, ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೈಕಾಲು ತೊಳೆದು ಬಂದು ಎರಡು ತಟ್ಟೆ ನೋಡಿದಳು, ನನ್ನ ತಟ್ಟೆ ಒಣಗಿರುವುದನ್ನೂ ನೋಡಿದಳು.

"ಕಾಯ್ತಿದ್ಯೇನೆ?"

"ಹೂಂ."

"ಉಣ್ಣಬಾರದಿತ್ತೇನು, ಹೊತ್ತಾಯ್ತಲ್ಲ" ಎಂದು ಅಮ್ಮ ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಬಡಿಸಿದೆ. ಅವಳು ಅನ್ನಕ್ಕೆ ಸಾರು ಕಲಸಿ, ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದಳು. ಎರಡನೆಯ ತುತ್ತಿಗೆ, "ಕಾಲುವೆ ಆಚೆ ಒಬ್ಬಳು ದಂಟಿನ ಸೊಪ್ಪು ಬೆಳೀತಾಳೆ, ಎಳೇದು. ನಾಳೆ ತಂದು ಹುಳಿ ಮಾಡ್ತೀನಿ" ಎಂದಳು.

ನಾಳೆ ಎಷ್ಟು ಗಂಟೆಗೆ ಬರ್ತೀಯಮ್ಮ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದೆ.